ಹಲಗೆಗೆ ಹಲಗೆ ಕೂಡುವ ಜಾಗ



ಪಿರಿಯಾಪಟ್ಟಣದ ಮಗು ರೈಲು ನೋಡಬೇಕೆಂದರೆ ಮೊದಲು ಬಸ್ಸು ಹತ್ತಬೇಕು. ಹುಣಸೂರಿಗೂ ರೈಲಿಲ್ಲ, ಎಚ್.ಡಿ. ಕೋಟೆಗೂ ಇಲ್ಲ. ಕುಶಾಲನಗರದ ಮಾರ್ಗದ ಮಾತನ್ನು ಕೇಳಿ ಕೇಳಿ ನಮಗೆ ಸಾಕಾಗಿದೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಕೃಷ್ಣರಾಜನಗರದವರೇ ಅದೃಷ್ಟವಂತರು. ಮೈಸೂರು-ಹಾಸನ ಮಾರ್ಗ ಅವರ ಊರಿನ ಮೇಲೆ ಹಾದುಹೋಗುತ್ತದೆ. ಉಳಿದ ಮಕ್ಕಳಿಗೆ ಜಾತ್ರೆಯ ಅಂಗಡಿಯ ಪ್ಲಾಸ್ಟಿಕ್ ರೈಲೇ ರೈಲು. ವರ್ಷವೆಲ್ಲ ಮಂಚದ ಕೆಳಗೆ ಬಿದ್ದಿರುವ ಆ ರೈಲು ಡಿಸೆಂಬರ್ ಬಂತೆಂದರೆ ಮೆಲ್ಲಗೆ ಗೋದಲಿಯ ಪಕ್ಕಕ್ಕೆ ಬಂದು ನಿಲ್ಲುತ್ತದೆ.

ಆಗ ಮನೆಯ ಹಿರಿಯರು ಕೇಳುತ್ತಾರೆ: "ಬೆತ್ಲೆಹೇಮಿನಲ್ಲಿ ರೈಲೆಲ್ಲಿತ್ತೋ?"

ನ್ಯಾಯವಾದ ಪ್ರಶ್ನೆಯೇ. ಆದರೆ ಗೋದಲಿಯ ಮೂಲಕ್ಕೆ ಹೋಗಿ ನೋಡಿ. 1223ರ ಕ್ರಿಸ್ತಜಯಂತಿಯಂದು ಅಸ್ಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಮೊದಲ ಗೋದಲಿಯನ್ನು ಸಿದ್ಧಪಡಿಸಿದಾಗ ಅಲ್ಲಿ ಬಾಲಯೇಸುವಿನ ಪ್ರತಿಮೆಯೂ ಇರಲಿಲ್ಲ. ಇದ್ದದ್ದು ಹುಲ್ಲು, ಒಂದು ಎತ್ತು, ಒಂದು ಕತ್ತೆ, ಸುತ್ತಲೂ ದೀಪ ಹಿಡಿದು ಬಂದ ಊರ ಜನ. ಮೇವಿನ ತೊಟ್ಟಿಯ ಮೇಲೆಯೇ ಬಲಿಪೂಜೆ ನಡೆಯಿತು. ಅಂದರೆ ಆ ಊರಿನವರು ತಮ್ಮ ಕೊಟ್ಟಿಗೆಯಲ್ಲಿದ್ದುದನ್ನೇ ತಂದು ಕೊಟ್ಟರು. ಎಂಟು ಶತಮಾನಗಳ ನಂತರ, 2019ರ ಡಿಸೆಂಬರ್ 1ರಂದು, ಪೋಪ್ ಫ್ರಾನ್ಸಿಸರು ಅದೇ ಗ್ರೆಚ್ಚೊಗೆ ಹೋಗಿ ಗೋದಲಿಯ ಬಗ್ಗೆ ಒಂದು ಪತ್ರಕ್ಕೆ ಸಹಿ ಹಾಕಿದರು. ಮಕ್ಕಳೂ ದೊಡ್ಡವರೂ ಶುಭಸಂದೇಶದಲ್ಲಿ ಇಲ್ಲದ ಬೊಂಬೆಗಳನ್ನೂ ಗೋದಲಿಯಲ್ಲಿ ಇಡುತ್ತಾರೆಂಬುದನ್ನು ಅವರು ಅದರಲ್ಲಿ ಪ್ರೀತಿಯಿಂದಲೇ ನೆನೆದಿದ್ದಾರೆ. ಆದ್ದರಿಂದ ಮಗುವಿನ ರೈಲನ್ನು ಎತ್ತಿಡಬೇಡಿ.

ಅಂದಹಾಗೆ, ವ್ಯಾಟಿಕನ್ನಿನಲ್ಲಿಯೂ ಒಂದು ರೈಲು ನಿಲ್ದಾಣವಿದೆ. 1962ರ ಅಕ್ಟೋಬರ್ 4ರಂದು, ಎರಡನೆಯ ವ್ಯಾಟಿಕನ್ ಮಹಾಸಭೆ ಆರಂಭವಾಗಲು ಒಂದು ವಾರ ಇರುವಾಗ, ಪೋಪ್ ಇಪ್ಪತ್ತಮೂರನೆಯ ಜಾನ್ ಅವರು ಆ ನಿಲ್ದಾಣದಿಂದ ರೈಲು ಹತ್ತಿ ಲೊರೆತೊ ಮತ್ತು ಅಸ್ಸಿಸಿಗೆ ಯಾತ್ರೆ ಹೋದರು. ಅಂದು ಸಂತ ಫ್ರಾನ್ಸಿಸರ ಹಬ್ಬ. ರೈಲಿಗೂ ಗೋದಲಿಗೂ ನಂಟೇ ಇಲ್ಲವೆಂದು ಯಾರಾದರೂ ವಾದಿಸಿದರೆ ನಿಮ್ಮ ಮಗನಿಗೆ ಈ ಸಂಗತಿಯನ್ನು ಹೇಳಿಕೊಡಿ!

ಪುಟ್ಟ ರೈಲುಗಳನ್ನು ಕಟ್ಟುವುದು ಹೊರದೇಶಗಳಲ್ಲಿ ಬರೀ ಮಕ್ಕಳ ಆಟವಲ್ಲ. ಲಂಡನ್ನಿನಲ್ಲಿ 1910ರಲ್ಲೇ ಅದಕ್ಕೊಂದು ಕ್ಲಬ್ ಹುಟ್ಟಿತು. ಹೆಚ್ಚು ಬಳಕೆಯಲ್ಲಿರುವ ಒಂದು ಅಳತೆಯಲ್ಲಿ ಎಲ್ಲವೂ ನಿಜದ 87ರಲ್ಲಿ ಒಂದು ಪಾಲು. ಎರಡು ಹಳಿಗಳ ನಡುವೆ ಹದಿನಾರೂವರೆ ಮಿಲಿಮೀಟರ್ ಮಾತ್ರ. ಆರಡಿ ಆಳು ಅಲ್ಲಿ ಎರಡು ಸೆಂಟಿಮೀಟರಿನ ಬೊಂಬೆ. ಮೈಸೂರಿನ ಸಂತ ಫಿಲೋಮಿನಾ ಪ್ರಧಾನಾಲಯದ ಸುಮಾರು 175 ಅಡಿಯ ಗೋಪುರಗಳು ಆ ಲೆಕ್ಕದಲ್ಲಿ ಎರಡು ಅಡಿ ಆಗುತ್ತವೆ.

ಇಂಥ ರೈಲು ದುಬಾರಿ, ನಮ್ಮಂಥವರಿಗಲ್ಲ ಎನ್ನುತ್ತೀರಾ? ಇಂಗ್ಲೆಂಡಿನ ಆಂಗ್ಲಿಕನ್ ಪಾದ್ರಿ ವಿಲ್ಬರ್ಟ್ ಆಡ್ರಿಯವರು ಯುದ್ಧಕಾಲದಲ್ಲಿ, ದಡಾರವೆದ್ದು ಮಲಗಿದ್ದ ತಮ್ಮ ಪುಟ್ಟ ಮಗನಿಗೆ ಎಂಜಿನ್ನುಗಳ ಕಥೆ ಹೇಳಿದರು. ಕೊಳ್ಳಲು ಆಟಿಕೆ ಸಿಗದ ಆ ದಿನಗಳಲ್ಲಿ ಪೊರಕೆಯ ಮರದ ಹಿಡಿಯನ್ನು ಕೊರೆದು ಎಂಜಿನ್ ಮಾಡಿಕೊಟ್ಟರು. ಥಾಮಸ್ ಎಂಬ ನೀಲಿ ಎಂಜಿನ್ ಹುಟ್ಟಿದ್ದು ಹಾಗೆ. ಮುಂದೆ ಅವರು ತಾವೇ ಕಟ್ಟಿದ ಪುಟ್ಟ ರೈಲು ಮಾರ್ಗವನ್ನು ಪ್ರದರ್ಶನಗಳಿಗೆ ಹೊತ್ತೊಯ್ದು ಜನರಿಗೆ ತೋರಿಸುತ್ತಿದ್ದರು. ನಮ್ಮ ತಂದೆಯಂದಿರಲ್ಲಿ ಬಡತನಕ್ಕಿಂತ ಹೆಚ್ಚಾಗಿ ಕಾಣುವುದು ಪುರುಸೊತ್ತಿನ ಕೊರತೆ. ಇದನ್ನು ಯಾರನ್ನೂ ನೋಯಿಸಲು ಹೇಳುತ್ತಿಲ್ಲ. ತಂಬಾಕಿನ ಹರಾಜಿನ ದಿನಗಳಲ್ಲಿ, ಬೇಲಿಗೆ ಏನು ಬೆಲೆ ಸಿಗುತ್ತದೋ ಎಂದು ಕಂಪಲಾಪುರದಲ್ಲೋ ಕಗ್ಗುಂಡಿಯಲ್ಲೋ ಕಾದು ಬಂದ ಮನುಷ್ಯನಿಗೆ ರಾತ್ರಿ ಕೂತು ಗೋದಲಿಗೆ ಕಾಗದ ಅಂಟಿಸುವ ಮನಸ್ಸು ಸುಲಭವಾಗಿ ಬರುವುದಿಲ್ಲ.

ಈಗ ನಾನು ಹೇಳಹೊರಟ ಮುಖ್ಯ ವಿಷಯಕ್ಕೆ ಬರುತ್ತೇನೆ.

ಇಂಥ ಕ್ಲಬ್ಬುಗಳಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಎಲ್ಲರೂ ಒಂದೇ ಕಡೆ ಸೇರಿ ಕಟ್ಟಲು ಜಾಗವಿಲ್ಲ, ಸಮಯವೂ ಇಲ್ಲ. ಆದ್ದರಿಂದ ಪ್ರತಿಯೊಬ್ಬನೂ ಒಂದೊಂದು ಹಲಗೆಯನ್ನು ತನ್ನ ಮನೆಯಲ್ಲೇ ಕಟ್ಟುತ್ತಾನೆ. ಹಲಗೆಯ ಒಳಗೆ ಅವನೇ ಯಜಮಾನ: ಬೆಟ್ಟ ಮಾಡಲಿ, ಸಂತೆ ಮಾಡಲಿ, ಕೆರೆ ಮಾಡಲಿ, ಯಾರೂ ಕೇಳುವುದಿಲ್ಲ. ಆದರೆ ಹಲಗೆಯ ಎರಡು ಅಂಚುಗಳಲ್ಲಿ ಮಾತ್ರ ಅವನ ಇಷ್ಟ ನಡೆಯದು. ನೆಲದಿಂದ ಇಷ್ಟೇ ಎತ್ತರ, ಅಂಚಿನಿಂದ ಹಳಿ ಇಷ್ಟೇ ದೂರ, ವಿದ್ಯುತ್ ತಂತಿ ಇಂಥ ಕಡೆಯಿಂದಲೇ ಎಂದು ಎಲ್ಲರೂ ಮೊದಲೇ ಒಪ್ಪಿಕೊಂಡಿರುತ್ತಾರೆ. ಪ್ರದರ್ಶನದ ದಿನ ಹಲಗೆಗಳನ್ನು ತಂದು ಸಾಲಾಗಿ ಜೋಡಿಸಿ ಬಿಗಿದರೆ ರೈಲು ಒಬ್ಬನ ಬೆಟ್ಟದಿಂದ ಇನ್ನೊಬ್ಬನ ಸಂತೆಗೆ ಓಡುತ್ತದೆ. ಎಲ್ಲಾದರೂ ಹಳಿ ತಪ್ಪಿತೆಂದರೆ ಕಟ್ಟಿದವರು ಮೊದಲು ನೋಡುವುದು ಬೆಟ್ಟವನ್ನಲ್ಲ, ಎರಡು ಹಲಗೆಗಳು ಕೂಡುವ ಜಾಗವನ್ನು. ಅಲ್ಲಿ ಕೂದಲೆಳೆಯಷ್ಟು ಏರುಪೇರಿದ್ದರೂ ಸಾಕು.

ಸಂತ ಪೌಲರು ಕೊರಿಂಥದವರಿಗೆ ದೇಹ ಮತ್ತು ಅಂಗಗಳ ಮಾತು ಹೇಳಿದ್ದು ನೆನಪಿದೆಯೇ? ಕಣ್ಣು ಕೈಗೆ ನೀನು ಬೇಡವೆನ್ನಲಾರದು. ನಮ್ಮ ಧರ್ಮಕೇಂದ್ರಗಳಲ್ಲಿ ಕಣ್ಣು ಚೆನ್ನಾಗಿದೆ, ಕೈಯೂ ಚೆನ್ನಾಗಿದೆ, ಕೆಟ್ಟಿರುವುದು ಕೀಲು. ಅಣ್ಣ ಬಲಗಡೆಯ ಸಾಲಿನಲ್ಲಿ ಕೂರುತ್ತಾನೆ, ತಮ್ಮ ಎಡಗಡೆ. ಹೊಲ ಪಾಲಾದಾಗ ಬ್ಯಾರನ್ನು ಯಾರ ಪಾಲಿಗೆ, ಲೈಸೆನ್ಸ್ ಯಾರ ಹೆಸರಿಗೆ ಎಂದು ಶುರುವಾದ ಮಾತು ಈಗ ಮಾತೇ ಇಲ್ಲದಂತಾಗಿದೆ. ಇಬ್ಬರೂ ಒಂದೇ ಸತ್ಪ್ರಸಾದಕ್ಕೆ ನಾಲಿಗೆ ಚಾಚುತ್ತಾರೆ. ಇಬ್ಬರ ಮಕ್ಕಳೂ ಒಂದೇ ಶಾಲೆಗೆ ಹೋಗುತ್ತಾರೆ, ಆದರೆ ದೊಡ್ಡಪ್ಪನ ಮನೆಯ ಬಾಗಿಲು ಮಕ್ಕಳಿಗೆ ಗೊತ್ತಿಲ್ಲ. ಒಬ್ಬೊಬ್ಬರಾಗಿ ನೋಡಿದರೆ ಯಾರೂ ಕೆಟ್ಟವರಲ್ಲ. ಜಪಸರ ಬಿಡದವರು, ಹಬ್ಬಕ್ಕೆ ಕಾಣಿಕೆ ಕೊಡುವವರು. ಅವರವರ ಹಲಗೆ ಅವರವರ ಮನೆಯಲ್ಲಿ ಬಹಳ ಸುಂದರವಾಗಿದೆ.

ಈ ವರ್ಷ ನಿಮ್ಮ ಧರ್ಮಕೇಂದ್ರದ ಯುವಜನರು ಗೋದಲಿಯನ್ನು ಹೀಗೆ ಹಲಗೆ ಹಲಗೆಯಾಗಿ ಕಟ್ಟಿದರೆ ಹೇಗೆ? ಕುಟುಂಬಕ್ಕೊಂದು ಹಲಗೆ. ಒಬ್ಬರು ತಂಬಾಕಿನ ಬ್ಯಾರನ್ನು ಮಾಡಲಿ, ಒಬ್ಬರು ಬೈಲುಕುಪ್ಪೆಯ ದಾರಿಯನ್ನು, ಒಬ್ಬರು ಕಾವೇರಿ ದಡವನ್ನು. ಎರಡು ವಾರ ಮೊದಲೇ ರಾಗಿ ಚೆಲ್ಲಿದರೆ, ದಸರಾ ಬೊಂಬೆಗಳ ಪಾರ್ಕಿಗೆ ಮಾಡುವಂತೆ, ಹಸಿರು ತಾನಾಗಿ ಬರುತ್ತದೆ. ನಡುವಿನ ಹಲಗೆಯಲ್ಲಿ ಮಾತೆ ಮರಿಯ, ಸಂತ ಜೋಸೆಫರು, ಬಾಲಯೇಸು. ಎಲ್ಲವನ್ನೂ ಹಾದು ಒಂದು ಹಳಿ. ನೋಡಲು ನೆರೆಹೊರೆಯ ಹಿಂದೂ, ಮುಸ್ಲಿಂ ಸ್ನೇಹಿತರೂ ಬರುತ್ತಾರೆ. ವಿವರಿಸುವ ಕೆಲಸವನ್ನು ಮಕ್ಕಳಿಗೇ ಬಿಡಿ.

ಯುವಜನರ ಮುಖಂಡರಿಗೆ ಒಂದು ಮಾತು. ಮುನಿಸಿಕೊಂಡವರ ಹಲಗೆಗಳನ್ನು ದೂರ ದೂರ ಇಡುವ ಜಾಣತನ ಬೇಡ. ಬೇಕೆಂದೇ ಪಕ್ಕಪಕ್ಕ ಇಟ್ಟು ತಮಾಷೆ ನೋಡುವುದೂ ಬೇಡ. ಚೀಟಿ ಎತ್ತಿ. ಬಹುಮಾನವಂತೂ ಖಂಡಿತ ಬೇಡ. ಬಹುಮಾನವಿಟ್ಟರೆ ಎಲ್ಲರೂ ಬೆಟ್ಟವನ್ನೇ ಎತ್ತರ ಮಾಡುತ್ತಾರೆ, ಅಂಚನ್ನು ಯಾರೂ ನೋಡುವುದಿಲ್ಲ.

ಇನ್ನೊಂದು ಸಂಗತಿ ಕಟ್ಟಿದವರಿಗೇ ಗೊತ್ತು. ವಿದ್ಯುತ್ ರೈಲಿಗೆ ಶಕ್ತಿ ಬರುವುದು ಹಳಿಯ ಮೂಲಕವೇ. ಹಳಿಯ ಮೇಲೆ ಕಣ್ಣಿಗೆ ಕಾಣದಷ್ಟು ಧೂಳು ಕೂತರೂ ಎಂಜಿನ್ ತಡವರಿಸಿ ನಿಲ್ಲುತ್ತದೆ. ಎಂಜಿನ್ ಕೆಟ್ಟಿಲ್ಲ, ವಿದ್ಯುತ್ತೂ ಇದೆ, ಆದರೂ ಓಡುವುದಿಲ್ಲ. ಆದ್ದರಿಂದ ಪ್ರದರ್ಶನಕ್ಕೆ ಮುನ್ನ ಉದ್ದಕ್ಕೂ ಬಟ್ಟೆ ಹಿಡಿದು ಒರೆಸುತ್ತಾರೆ. ಆಗಮನ ಕಾಲದಲ್ಲಿ ಗುರುಗಳು ಪಾಪನಿವೇದನೆಗೆ ಕರೆಯುವುದು ಏಕೆಂದು ಇದಕ್ಕಿಂತ ಸುಲಭವಾಗಿ ಮಕ್ಕಳಿಗೆ ಹೇಳುವುದು ಕಷ್ಟ.

ಆದರೆ ಪಾಪನಿವೇದನೆಗೆ ಹೋಗುವ ಮುಂಚೆ ಒಂದು ಮನೆಗೆ ಹೋಗಬೇಕಾಗುತ್ತದೆ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸೋದರನ ಬಳಿಗೆ ಹೋಗು ಎಂದು ಯೇಸುಸ್ವಾಮಿ ಹೇಳಿದ್ದನ್ನು ಮತ್ತಾಯರು ಐದನೆಯ ಅಧ್ಯಾಯದಲ್ಲಿ ಬರೆದಿಟ್ಟಿದ್ದಾರೆ. ತಪ್ಪು ಯಾರದು ಎಂಬುದನ್ನು ತೀರ್ಮಾನಿಸಿಕೊಂಡು ಹೋಗು ಎಂದು ಅಲ್ಲಿಲ್ಲ. ನಿನ್ನ ಮೇಲೆ ಅವನಿಗೆ ಏನೋ ಮನಸ್ತಾಪವಿದೆ ಎಂಬ ನೆನಪು ಬಂದರೆ ಸಾಕು, ಹೊರಡಬೇಕಾದವನು ನೀನು.

ಹೋಗಿ ಏನು ಮಾತಾಡುವುದು ಎಂಬುದೇ ಅಲ್ಲವೇ ಎಲ್ಲರ ಕಷ್ಟ? ಇಷ್ಟು ವರ್ಷಗಳ ಮೇಲೆ ಬರಿಗೈಯಲ್ಲಿ ಬಾಗಿಲಲ್ಲಿ ನಿಂತರೆ ನಾಲಿಗೆ ಹೊರಳುವುದಿಲ್ಲ. ಹಲಗೆಯ ಉಪಯೋಗ ಇರುವುದು ಇಲ್ಲೇ. ಹಬ್ಬದ ದಿನದವರೆಗೆ ಕಾದರೆ ಅಂಚು ಕೂಡುವುದಿಲ್ಲ, ಮೊದಲೇ ಎರಡನ್ನೂ ಒಟ್ಟಿಗೆ ಇಟ್ಟು ನೋಡಲೇಬೇಕು. ಶನಿವಾರ ಸಂಜೆ ಮಗನನ್ನು ಜೊತೆಗೆ ಕರೆದುಕೊಂಡು, ಹಲಗೆಯನ್ನು ಇಬ್ಬರೂ ಹಿಡಿದುಕೊಂಡು, ಅಣ್ಣನ ಮನೆಗೆ ನಡೆಯಿರಿ. ಜಮೀನಿನ ಮಾತು ಎತ್ತಬೇಡಿ. "ಅಣ್ಣಾ, ನಿಮ್ಮ ಹಲಗೆ ನೆಲದಿಂದ ಎಷ್ಟು ಎತ್ತರ ಇಟ್ಟಿದ್ದೀರಿ?" ಎಂದು ಕೇಳಿ. ಅಳತೆಪಟ್ಟಿ ನಿಮ್ಮ ಜೇಬಿನಲ್ಲಿದ್ದರೂ ತೆಗೆಯಬೇಡಿ. ಅವರ ಮನೆಯದನ್ನೇ ತರಿಸಿಕೊಳ್ಳಿ. ಅತ್ತಿಗೆ ಕಾಫಿಗೆ ನೀರಿಟ್ಟರೆ ಬೇಡವೆನ್ನಬೇಡಿ.