ಸೇತುವೆಗೆ ಒಡೆಯರು ಯಾರು?

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದುಬಿದ್ದಿತು. ಕೋಡಿಬಾಗ, ಸದಾಶಿವಗಡಗಳನ್ನು ಬೆಸೆದು, ಗೋವೆಯ ಹೆದ್ದಾರಿಯನ್ನು ನಾಲ್ಕು ದಶಕಗಳ ಕಾಲ ಹೊತ್ತು ನಿಂತಿದ್ದ ಸೇತುವೆ ಅದು. ಜೊತೆಗೆ ಒಂದು ಲಾರಿಯೂ ನೀರಿಗೆ ಬಿತ್ತು. ಲಾರಿಯ ನೆತ್ತಿಯೇರಿ ನಿಂತ ಚಾಲಕನನ್ನು ಮೀನುಗಾರರು, ಪೊಲೀಸರು ದೋಣಿಯಲ್ಲಿ ದಡ ಸೇರಿಸಿದರು. ಹಗಲು ಹೊತ್ತಾಗಿದ್ದರೆ ಎಂದು ನೆನೆದರೆ ಮೈ ನಡುಗುತ್ತದೆ.

ಹೊಣೆ ಯಾರದೆಂಬುದನ್ನು ಕಾನೂನು ನೋಡಿಕೊಳ್ಳಲಿ. ನನ್ನನ್ನು ಕಾಡುವುದು ಬೇರೆಯೇ ಪ್ರಶ್ನೆ. ಯಾರೂ ಕೇಡನ್ನು ಬಯಸದಿದ್ದರೂ ಕೇಡು ಸಂಭವಿಸಿದಾಗ, ಅಲ್ಲಿ ಪಾಪವೆಂಬುದು ಇದೆಯೇ?

ಸಿಲೊವಾಮಿನ ಗೋಪುರ ಕುಸಿದು ಹದಿನೆಂಟು ಮಂದಿ ಸತ್ತ ಸುದ್ದಿಯನ್ನು ಸಂತ ಲೂಕರು ದಾಖಲಿಸಿದ್ದಾರೆ. ಸತ್ತವರು ಹೆಚ್ಚಿನ ಪಾಪಿಗಳೆಂಬ ಮಾತನ್ನು ಯೇಸುಸ್ವಾಮಿ ಒಪ್ಪಲಿಲ್ಲ. ಪಶ್ಚಾತ್ತಾಪದ ಕರೆಯನ್ನು ಕೇಳುತ್ತ ನಿಂತಿದ್ದವರ ಕಡೆಗೇ ತಿರುಗಿಸಿದರು. ಧರ್ಮೋಪದೇಶಕಾಂಡದ 22ನೆಯ ಅಧ್ಯಾಯ ಇನ್ನೂ ನೇರವಾಗಿದೆ. ಹೊಸ ಮನೆ ಕಟ್ಟಿದವನು ಮಾಳಿಗೆಗೆ ಕುಂಬಿ ಕಟ್ಟಿಸಬೇಕು. ಇಲ್ಲವಾದರೆ ಅಲ್ಲಿಂದ ಬಿದ್ದು ಸತ್ತವನ ರಕ್ತಾಪರಾಧ ಆ ಮನೆಗೆ ತಗಲುತ್ತದೆ. ತಳ್ಳಿದವರು ಯಾರೂ ಇಲ್ಲ, ಆದರೂ ಅಪರಾಧವುಂಟು!

ದುಬಲಗುಂಡಿಯಂತಹ ನಮ್ಮ ಬೀದರ ಸೀಮೆಯ ಊರುಗಳಲ್ಲಿ ಈ ವಚನಕ್ಕೆ ವ್ಯಾಖ್ಯಾನ ಬೇಕಾಗಿಲ್ಲ. ಬೇಸಿಗೆಯ ರಾತ್ರಿ ಮಕ್ಕಳನ್ನು ಮಾಳಿಗೆಯ ಮೇಲೆ ಮಲಗಿಸುವ ತಾಯಿಗೆ ಕುಂಬಿಯ ಬೆಲೆ ಗೊತ್ತು. ಮಣ್ಣಿನ ಮಾಳಿಗೆಯಿದ್ದವರು ಮಳೆಗಾಲಕ್ಕೆ ಮೊದಲೇ ಹೊಸ ಮಣ್ಣು ಹೊರಿಸಿ ಬಿರುಕು ಮುಚ್ಚುತ್ತಾರೆ. ಸೋರಿದರೆ ನೆನೆಯುವುದು ತಮ್ಮ ಹಾಸಿಗೆಯೇ ತಾನೆ? ಸೇತುವೆಗೆ ಅಂತಹ ಒಡೆಯನಿಲ್ಲ. ಉದ್ಘಾಟನೆಯ ಕಲ್ಲಿನ ಮೇಲೆ ಕೆತ್ತಿದ ಹೆಸರುಗಳಿರುತ್ತವೆ. ವರ್ಷವರ್ಷವೂ ಕೆಳಗಿಳಿದು ಬಿರುಕು ನೋಡಿಬಂದವನ ಹೆಸರನ್ನು ಯಾವ ಕಲ್ಲಿನಲ್ಲೂ ನಾನು ಕಂಡಿಲ್ಲ. ಕಡಲ ಸಮೀಪದ ಉಪ್ಪುಗಾಳಿ, ಉಪ್ಪುನೀರು ಕಾಂಕ್ರೀಟಿನೊಳಗಿನ ಉಕ್ಕನ್ನು ತಲುಪಿದರೆ ತುಕ್ಕು ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ಅಷ್ಟು ವರ್ಷವೂ ವಾಹನಗಳು ಮೇಲೆ ಸುಖವಾಗಿ ಓಡುತ್ತಲೇ ಇರುತ್ತವೆ.

ಹಾಗಾದರೆ ದೋಷವೆಲ್ಲ ಅಧಿಕಾರಿಗಳದೇ? ಹಾಗೆಂದುಬಿಡುವುದು ಸುಲಭ. ಒಡೆಯರು ನಾವೇ ಅಲ್ಲವೇ? ಬಲಿಪೂಜೆಯ ಆರಂಭದಲ್ಲಿ ನಾವು ಮಾಡಿದ್ದಕ್ಕಷ್ಟೇ ಅಲ್ಲದೆ, ಮಾಡದೆ ಬಿಟ್ಟದ್ದಕ್ಕೂ ಕ್ಷಮೆ ಬೇಡುತ್ತೇವೆ. ಆಗ ನನ್ನ ನೆನಪು ಮನೆಯ ಹೊಸ್ತಿಲು ದಾಟಿದ್ದು ಕಡಿಮೆ: ತಪ್ಪಿಸಿದ ಪ್ರಾರ್ಥನೆ, ನೋಡಲು ಹೋಗದ ರೋಗಿ, ಬರೆಯದ ಕಾಗದ. ದಿನವೂ ದಾಟುವ ಸೇತುವೆಯ ತಡೆಗೋಡೆ ಮುರಿದದ್ದನ್ನು ಕಂಡೂ ಒಂದು ಅರ್ಜಿ ಬರೆಯದೆ ಮುಂದೆ ಸಾಗಿದ್ದು ಆ ಪಟ್ಟಿಯಲ್ಲಿ ಒಮ್ಮೆಯೂ ಬಂದಿರಲಿಲ್ಲ.