ಸೋಲಿನ ದಿನ ಮುಂದೆ ನಿಲ್ಲುವವರು ಯಾರು?



ಗೆದ್ದೆತ್ತಿನ ಬಾಲ ಹಿಡಿಯುವವರನ್ನು ಕುರಿತು ನಮ್ಮ ಹಿರಿಯರು ಆಡಿದ ಮಾತು ಹೊಲಗದ್ದೆಗಳಿಗಷ್ಟೇ ಸೀಮಿತವಲ್ಲ. ಕಚೇರಿ, ಕಾರ್ಖಾನೆ, ಶಾಲೆ, ಆಸ್ಪತ್ರೆ, ಹೀಗೆ ನಾಲ್ಕು ಜನ ಕೂಡಿ ದುಡಿಯುವ ಎಲ್ಲೆಡೆಯೂ ಅದು ನಿಜ. ಕೆಲಸ ಕೈಗೂಡಿದಾಗ ಮುಂದಿನ ಸಾಲಿನಲ್ಲಿ ನಿಲ್ಲಲು ನೂಕುನುಗ್ಗಲು. ಕೆಟ್ಟಾಗ ‘ಅದು ನನ್ನ ವಿಭಾಗದ್ದಲ್ಲ’ ಎಂಬ ಒಂದೇ ಉತ್ತರ. ಹಾಗಾದರೆ ಜನರ ಗುಂಪೊಂದನ್ನು ತಂಡವನ್ನಾಗಿ ಮಾಡುವುದು ಯಾವುದು? ಒಂದೇ ಸೂರಿನಡಿ ಕುಳಿತು ಒಂದೇ ಕಡೆ ಸಂಬಳ ಪಡೆದರೆ ಸಾಲದು. ಸೋಲಿನ ದಿನ ಅದರ ನಾಯಕ ಎಲ್ಲಿ ನಿಲ್ಲುತ್ತಾನೆ ಎಂಬುದರಲ್ಲಿ ಈ ಪ್ರಶ್ನೆಗೆ ಉತ್ತರವಿದೆಯೆಂದು ನನಗೆ ತೋರುತ್ತದೆ.

1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಎಸ್‌ಎಲ್‌ವಿ-3 ರಾಕೆಟ್ ಮೊದಲ ಬಾರಿಗೆ ಮೇಲೇರಿತು. ಉಪಗ್ರಹವೊಂದನ್ನು ನಮ್ಮದೇ ರಾಕೆಟ್ಟಿನಿಂದ ಕಕ್ಷೆಗೆ ಸೇರಿಸುವ ಭಾರತದ ಪ್ರಥಮ ಪ್ರಯತ್ನವದು. ಯೋಜನೆಯ ನಿರ್ದೇಶಕರು ಎ.ಪಿ.ಜೆ. ಅಬ್ದುಲ್ ಕಲಾಂ. ಉಡಾವಣೆಗೆ ಸ್ವಲ್ಪ ಮೊದಲು ಕಂಪ್ಯೂಟರ್ ತಡೆ ಒಡ್ಡಿತೆಂದೂ, ಪರಿಣತರ ಮಾತನ್ನು ನಂಬಿ ತಾವೇ ಅದನ್ನು ಮೀರಿ ಮುಂದುವರಿಯಲು ನಿರ್ಧರಿಸಿದೆವೆಂದೂ ಕಲಾಂ ತಮ್ಮ ಉಪನ್ಯಾಸಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆ ಕೈಕೊಟ್ಟಿತು. ಅನೇಕ ವರ್ಷಗಳ ದುಡಿಮೆ ಬಂಗಾಳ ಕೊಲ್ಲಿಯ ಪಾಲಾಯಿತು.

ಪತ್ರಕರ್ತರು ಕಾದಿದ್ದರು. ಆಗ ಇಸ್ರೋದ ಅಧ್ಯಕ್ಷರಾಗಿದ್ದವರು ಸತೀಶ್ ಧವನ್; ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಅವರೇ. ನಿರ್ಧಾರ ಯಾರದೆಂಬುದು ತಿಳಿದಿದ್ದರೂ ಅವರು ಕಲಾಂರನ್ನು ಮುಂದೆ ತಳ್ಳಲಿಲ್ಲ. ತಾವೇ ಪತ್ರಕರ್ತರ ಎದುರು ಕುಳಿತು ಸೋಲಿನ ಹೊಣೆ ಹೊತ್ತರು. ತಮ್ಮ ತಂಡದ ಮೇಲೆ ತಮಗೆ ಪೂರ್ಣ ವಿಶ್ವಾಸವಿದೆಯೆಂದರು. 1980ರ ಜುಲೈ 18ರಂದು ಅದೇ ತಂಡ 35 ಕಿಲೋಗ್ರಾಂ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಅಂದು ಧವನ್ ಹಿಂದೆ ಸರಿದು, ಪತ್ರಿಕಾಗೋಷ್ಠಿ ನಡೆಸುವಂತೆ ಕಲಾಂರಿಗೆ ಹೇಳಿದರು.

ಇಲ್ಲಿ ನಾವು ಕೇಳಿಕೊಳ್ಳಲೇಬೇಕಾದ ಪ್ರಶ್ನೆಯೊಂದಿದೆ. ತಾನು ಮಾಡದ ತಪ್ಪನ್ನು ತನ್ನದೆನ್ನುವುದು ಸುಳ್ಳಲ್ಲವೇ? ಔದಾರ್ಯದ ಹೆಸರಿನಲ್ಲಿ ಸತ್ಯವನ್ನು ಮರೆಮಾಚಬಹುದೇ?

ತಪ್ಪು ಬೇರೆ, ಹೊಣೆ ಬೇರೆ ಎಂಬುದನ್ನು ತಿಳಿದರೆ ಈ ಗೊಂದಲ ಕರಗುತ್ತದೆ. ತಪ್ಪು ಕೆಲಸ ಮಾಡಿದ ಕೈಯದು. ಹೊಣೆ, ಆ ಕೈಗೆ ಕೆಲಸವನ್ನು ಒಪ್ಪಿಸಿದವನದು. ಜನರನ್ನು ಆರಿಸಿದವನು, ಅಧಿಕಾರ ಕೊಟ್ಟವನು ಫಲ ಕೆಟ್ಟಾಗ ಮಾತ್ರ ಹೊರಗಿನವನಾಗಲು ಬರುವುದಿಲ್ಲ. ಆದುದರಿಂದ ಧವನ್ ಆಡಿದ್ದು ಸತ್ಯವನ್ನೇ. ಸೋಲಿನ ಕಾರಣಗಳನ್ನು ಸಂಸ್ಥೆಯ ಒಳಗೆ ಕೂಲಂಕಷವಾಗಿ ಪರಿಶೀಲಿಸಲಾಯಿತೆಂಬುದನ್ನೂ ನಾವು ಮರೆಯಬಾರದು. ಹೊರಗೆ ರಕ್ಷಣೆ, ಒಳಗೆ ನಿಷ್ಠುರ ವಿಚಾರಣೆ: ಎರಡೂ ಜೊತೆಗಿದ್ದುದರಿಂದಲೇ ಒಂದು ವರ್ಷದೊಳಗೆ ಯಶಸ್ಸು ಸಾಧ್ಯವಾಯಿತು. ವಿಚಾರಣೆಯಿಲ್ಲದ ರಕ್ಷಣೆ ಸೋಮಾರಿತನಕ್ಕೆ ಹಾಸಿದ ಹಾಸಿಗೆ. ರಕ್ಷಣೆಯಿಲ್ಲದ ವಿಚಾರಣೆ ಬರಿಯ ಭಯ.

ಆ ಭಯದ ಬೆಲೆ ಎಷ್ಟೆಂಬುದಕ್ಕೆ ಅಮೆರಿಕದ ಉದಾಹರಣೆಯೊಂದನ್ನು ನೋಡಿ. 1986ರ ಜನವರಿ 28ರಂದು ಚಾಲೆಂಜರ್ ಗಗನನೌಕೆ ಮೇಲೇರಿದ 73 ಸೆಕೆಂಡುಗಳಲ್ಲಿ ಛಿದ್ರಗೊಂಡು, 7 ಮಂದಿ ಗಗನಯಾತ್ರಿಗಳು ಪ್ರಾಣ ತೆತ್ತರು. ಕೊರೆಯುವ ಚಳಿಯಲ್ಲಿ ರಾಕೆಟ್ಟಿನ ರಬ್ಬರ್ ಬಳೆಗಳು ಬಿಗಿಯಾಗಿ ಕೂರದಿರಬಹುದೆಂದು ಅದನ್ನು ತಯಾರಿಸಿದ ಕಂಪನಿಯ ಎಂಜಿನಿಯರುಗಳು ಹಿಂದಿನ ರಾತ್ರಿಯೇ ಎಚ್ಚರಿಸಿದ್ದರು. ಮೇಲಿನವರಿಗೆ ಅದು ಬೇಡವಾದ ಮಾತು. ಒತ್ತಡಕ್ಕೆ ಮಣಿದ ಕಂಪನಿಯ ವ್ಯವಸ್ಥಾಪಕರು ತಮ್ಮವರ ಸಲಹೆಯನ್ನು ಬದಿಗಿಟ್ಟು ಒಪ್ಪಿಗೆಯಿತ್ತರು. ಅಲ್ಲಿ ಜ್ಞಾನದ ಕೊರತೆಯಿರಲಿಲ್ಲ. ಕೆಳಗಿನವರ ದನಿಗೆ ಬೆಲೆಯಿರಲಿಲ್ಲ.

ನಮ್ಮ ಕೆಲಸದ ಸ್ಥಳಗಳಲ್ಲಿ ರಾಕೆಟ್ಟುಗಳು ಹಾರುವುದಿಲ್ಲ, ನಿಜ. ಆದರೆ ಔಷಧಿಯ ಪ್ರಮಾಣ ತಪ್ಪಿತೆಂದು ಹೇಳಲು ಹೆದರುವ ದಾದಿ ಇದ್ದಾಳೆ. ಲೆಕ್ಕದಲ್ಲಿ ಕಂಡ ವ್ಯತ್ಯಾಸವನ್ನು ಸಾಹೇಬರ ಮುಖ ನೋಡಿ ನುಂಗಿಕೊಳ್ಳುವ ಗುಮಾಸ್ತನಿದ್ದಾನೆ. ‘ಹೇಳಿದರೆ ನನಗೇ ತೊಂದರೆ’ ಎಂಬ ಭಾವನೆ ಬೇರೂರಿದಲ್ಲಿ ಎಷ್ಟು ಸಭೆ ಸೇರಿಸಿದರೂ, ಎಷ್ಟು ತರಬೇತಿ ಕೊಟ್ಟರೂ ತಂಡ ಹುಟ್ಟಲಾರದು. ಅಲ್ಲಿರುವುದು ತಂತಮ್ಮ ತಲೆ ಉಳಿಸಿಕೊಳ್ಳುತ್ತಿರುವ ಜನ ಮಾತ್ರ.

ಹಾಗೆಂದು ಎಲ್ಲವನ್ನೂ ಮನ್ನಿಸಬೇಕೆಂದಲ್ಲ. ಪ್ರಾಮಾಣಿಕವಾಗಿ ದುಡಿದು ಎಡವಿದವನಿಗೂ ತಿಳಿದೂ ವಂಚಿಸಿದವನಿಗೂ ಅಂತರವಿದೆ. ಮೊದಲನೆಯವನಿಗೆ ನಾಯಕನ ಹೆಗಲು ಬೇಕು; ಎರಡನೆಯವನಿಗೆ ನ್ಯಾಯದ ಕಟ್ಟುನಿಟ್ಟು ಬೇಕು. ಇವರಿಬ್ಬರನ್ನು ಬೇರ್ಪಡಿಸಿ ನೋಡುವ ತಾಳ್ಮೆಯೇ ನಾಯಕತ್ವದ ಕಠಿಣ ಪಾಠ.

2002ರಲ್ಲಿ ಧವನ್ ತೀರಿಕೊಂಡರು. ಅದೇ ವರ್ಷ ಕಲಾಂ ರಾಷ್ಟ್ರಪತಿಗಳಾದರು. ಮುಂದೆಯೂ ಯುವಜನರ ಸಭೆಗಳಲ್ಲಿ ಅವರು ಮತ್ತೆ ಮತ್ತೆ ನೆನೆದದ್ದು ತಮ್ಮ ಗೆಲುವಿನ ದಿನವನ್ನಷ್ಟೇ ಅಲ್ಲ, ತಮಗಾಗಿ ಮತ್ತೊಬ್ಬರು ಎದುರು ನಿಂತ ಆ ಸೋಲಿನ ದಿನವನ್ನು.

ನಿಮ್ಮ ಕೈಕೆಳಗೆ ದುಡಿಯುವವರು ಇಬ್ಬರೇ ಇರಲಿ, ಇನ್ನೂರು ಜನರಿರಲಿ, ಇಂದು ಮಲಗುವ ಮುನ್ನ ಒಂದು ಕ್ಷಣ ಯೋಚಿಸಿ: ನಾಳೆ ಅವರಲ್ಲೊಬ್ಬರಿಂದ ತಪ್ಪಾದರೆ ಅದನ್ನು ಮೊದಲು ನಿಮಗೆ ಹೇಳುವರೇ, ಅಥವಾ ಮೊದಲು ನಿಮ್ಮಿಂದ ಬಚ್ಚಿಡುವರೇ?