ಬೇಡಿಕೆ, ಅಗತ್ಯ ಮತ್ತು ಕಚ್ಚಾ ತೈಲ

ವಾಣಿಜ್ಯಶಾಸ್ತ್ರದಲ್ಲಿ ‘ಬೇಡಿಕೆ’ ಎಂಬ ಪದಕ್ಕೆ ನಿಶ್ಚಿತವಾದ ಅರ್ಥವಿದೆ: ಕೊಳ್ಳುವ ಇಚ್ಛೆ, ಅದರೊಡನೆ ಕೊಳ್ಳುವ ಶಕ್ತಿ. ಅಗತ್ಯವಿದ್ದೂ ಹಣವಿಲ್ಲದವನು ಈ ಲೆಕ್ಕಕ್ಕೆ ಬರುವುದಿಲ್ಲ. ಅಗತ್ಯವಿಲ್ಲದಿದ್ದರೂ ಹಣವುಳ್ಳವನು ಬರುತ್ತಾನೆ. ಕಚ್ಚಾ ತೈಲದ ಭವಿಷ್ಯವನ್ನು ಕುರಿತ ಅಂದಾಜುಗಳನ್ನು ಓದುವವರು ಈ ಮಾತನ್ನು ಮರೆಯಲಾಗದು.

ಜಗತ್ತು ದಿನವೊಂದಕ್ಕೆ 10 ಕೋಟಿ ಬ್ಯಾರೆಲ್‌ಗೂ ಮಿಗಿಲಾಗಿ ತೈಲವನ್ನು ವ್ಯಯಿಸುವ ಸ್ಥಿತಿಗೆ ಬಂದಿದೆ. ಬ್ಯಾರೆಲ್ಲೊಂದಕ್ಕೆ ಸುಮಾರು 159 ಲೀಟರ್. 1960ರಲ್ಲಿ ಬಾಗ್ದಾದಿನಲ್ಲಿ ಸ್ಥಾಪಿತವಾದ ಒಪೆಕ್, 2050ರ ವೇಳೆಗೆ ಇದು 12 ಕೋಟಿಯನ್ನು ಮುಟ್ಟುವುದೆಂದು 2024ರಲ್ಲಿ ಹೇಳಿತು. 1973ರ ತೈಲ ನಿರ್ಬಂಧದಿಂದ ಪೆಟ್ಟು ತಿಂದ ಗ್ರಾಹಕ ರಾಷ್ಟ್ರಗಳು ಮರುವರ್ಷ ಕಟ್ಟಿಕೊಂಡ ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯಾದರೋ, 2030ರೊಳಗೇ ಬೇಡಿಕೆ ಶಿಖರವನ್ನು ಮುಟ್ಟುವುದೆಂದು 2023ರಲ್ಲಿ ಸಾರಿತು. 2025ರಲ್ಲಿ, ಜಾರಿಯಲ್ಲಿರುವ ನೀತಿಗಳಷ್ಟೇ ಮುಂದುವರಿದರೆ 2050ರವರೆಗೂ ಏರಿಕೆ ನಿಲ್ಲದೆಂಬ ಇನ್ನೊಂದು ಚಿತ್ರವನ್ನೂ ಮುಂದಿಟ್ಟಿತು. ಮಾರುವವರಿಗೆ ಏರಿಕೆಯೂ ಕೊಳ್ಳುವವರಿಗೆ ಇಳಿಕೆಯೂ ಕಾಣುವುದು ಪೇಟೆಯನ್ನು ಬಲ್ಲವರಿಗೆ ಹೊಸತಲ್ಲ.

ಅಂದಾಜು ತಪ್ಪಿದರೆ ನಷ್ಟ ಯಾರಿಗೆ ಎಂಬುದೇ ಇಲ್ಲಿ ವಿಚಾರಾರ್ಹವಾದ ಪ್ರಶ್ನೆ. ತೈಲಬಾವಿಗಳು ವರ್ಷ ವರ್ಷವೂ ಬತ್ತುತ್ತವೆ; ಹೊಸ ಬಂಡವಾಳ ಬೀಳದಿದ್ದರೆ ಪೂರೈಕೆ ತಾನಾಗಿಯೇ ಕುಗ್ಗುತ್ತದೆ. ಬೇಡಿಕೆ ಇಳಿಯುವುದೆಂದು ನಂಬಿ ಬಂಡವಾಳವನ್ನು ನಿಲ್ಲಿಸಿ, ಬೇಡಿಕೆ ಇಳಿಯದೆ ಹೋದರೆ, ಏರಿದ ಬೆಲೆಯು ಮೊದಲು ಹೊರಗಿಡುವುದು ಬಡವರನ್ನು. 2022ರ ಜೂನ್ ಕೊನೆಯಲ್ಲಿ, ವಿದೇಶೀ ವಿನಿಮಯ ಬರಿದಾದ ಶ್ರೀಲಂಕೆಯು ಅತ್ಯಗತ್ಯ ಸೇವೆಗಳನ್ನುಳಿದು ಯಾರಿಗೂ ಎರಡು ವಾರ ಇಂಧನ ಮಾರದಿರಲು ನಿರ್ಧರಿಸಿತು. ಜಗತ್ತಿನಲ್ಲಿ ತೈಲವಿರಲಿಲ್ಲವೆಂದಲ್ಲ. ಆಟೋ ಓಡಿಸಿ ಸಂಸಾರ ಸಾಕುವವನ ಅಗತ್ಯವು ‘ಬೇಡಿಕೆ’ಯ ಕಲಮಿನಿಂದ ಅಳಿಸಿಹೋಗಿತ್ತು, ಅಷ್ಟೆ. ಇನ್ನು ಏರಿಕೆಯನ್ನು ನಂಬಿ ಹಣ ಸುರಿದರೆ, ಹೂಡಿದ ಹಣ ಸುಮ್ಮನಿರುವುದಿಲ್ಲ. ಗ್ರಾಹಕನನ್ನು ತಾನೇ ಹುಡುಕಿಕೊಳ್ಳುತ್ತದೆ. ಅದರ ಹೊಗೆಯನ್ನು ಉಣ್ಣುವವರು ಇನ್ನೂ ಹುಟ್ಟಿಲ್ಲ.

ಅಮೆರಿಕದಲ್ಲಿ ತಲೆಯೊಂದಕ್ಕೆ ದಿನಕ್ಕೆ ಸುಮಾರು 9 ಲೀಟರ್ ತೈಲ ವ್ಯಯವಾದರೆ, ಭಾರತದಲ್ಲಿ ಮುಕ್ಕಾಲು ಲೀಟರಿಗೂ ಕಡಿಮೆ. ಆದುದರಿಂದ ಭಾರತದ ಬೇಡಿಕೆಯ ಏರಿಕೆಯನ್ನೆಲ್ಲ ದೋಷವೆನ್ನುವುದು ನ್ಯಾಯವಲ್ಲ. ಆದರೆ ಕಟ್ಟಿಗೆಯ ಹೊಗೆಯಿಂದ ಅಡುಗೆ ಅನಿಲಕ್ಕೆ ಬಂದ ಮನೆಯನ್ನೂ ಮೂರನೆಯ ಕಾರನ್ನು ತಂದ ಮನೆಯನ್ನೂ ಅಂದಾಜಿನ ಪಟ್ಟಿಯು ಒಂದೇ ಸಾಲಿನಲ್ಲಿ ಕೂಡಿಸುತ್ತದೆ.

ಸಂಗ್ರಹದ ಮಾತೂ ಇದೆ. ಮಂಗಳೂರು, ಉಡುಪಿ ಜಿಲ್ಲೆಯ ಪಾದೂರು ಹಾಗೂ ವಿಶಾಖಪಟ್ಟಣಗಳಲ್ಲಿ ಬಂಡೆಯನ್ನು ಕೊರೆದು ಮಾಡಿದ ಭೂಗತ ಉಗ್ರಾಣಗಳು 53.3 ಲಕ್ಷ ಟನ್ ಕಚ್ಚಾ ತೈಲವನ್ನು ಹಿಡಿಯಬಲ್ಲವು. 2020ರಲ್ಲಿ ಬೆಲೆ ಕುಸಿದಾಗ ಭಾರತವು ಇವನ್ನು ತುಂಬಿಸಿತು. ಅದೇ ಕಾಲದಲ್ಲಿ ಕೆಲವು ವರ್ತಕರು ಹಡಗುಗಳನ್ನೇ ಬಾಡಿಗೆಗೆ ಹಿಡಿದು, ಬೆಲೆಯೇರಿಕೆಗಾಗಿ ತೈಲವನ್ನು ಸಮುದ್ರದ ಮೇಲೆ ನಿಲ್ಲಿಸಿದರು. ಎರಡೂ ಸಂಗ್ರಹವೇ. ಆದರೆ ಶ್ರಾವಕನಿಗೆ ವಿಧಿಸಿರುವುದು ಪರಿಗ್ರಹದ ಪರಿಮಾಣವೇ ಹೊರತು ಬರಿಗೈಯಲ್ಲ. ಮೊದಲನೆಯದಕ್ಕೆ ಸುಮಾರು ಒಂಬತ್ತೂವರೆ ದಿನಗಳ ಅಗತ್ಯವೆಂಬ ಅಳತೆಯುಂಟು, ಆಪತ್ಕಾಲವೆಂಬ ಉದ್ದೇಶವುಂಟು; ಎರಡನೆಯದಕ್ಕೆ ಲಾಭದ ಹೊರತು ಬೇರೊಂದು ಅಳತೆಯಿಲ್ಲ.

ಇಚ್ಛೆಗೆ ಮಿತಿ ಹಾಕುವುದು ರಾಷ್ಟ್ರಗಳಿಗೆ ಅಸಾಧ್ಯವೆನ್ನುವವರು 2022ರ ಮಾರ್ಚ್ ತಿಂಗಳನ್ನು ನೆನೆಯಬಹುದು. ಉಕ್ರೇನ್ ಯುದ್ಧದಿಂದ ತೈಲ ಬಿಗಿಯಾದಾಗ ಇಂಧನ ಸಂಸ್ಥೆಯು ಹತ್ತು ಅಂಶಗಳ ಯೋಜನೆಯೊಂದನ್ನು ಮುಂದಿಟ್ಟಿತು: ಹೆದ್ದಾರಿಯಲ್ಲಿ ವೇಗವನ್ನು ಗಂಟೆಗೆ 10 ಕಿಲೋಮೀಟರ್ ತಗ್ಗಿಸುವುದು, ವಾರಕ್ಕೆ ಮೂರು ದಿನಗಳವರೆಗೆ ಮನೆಯಿಂದಲೇ ಕೆಲಸ, ಮಹಾನಗರಗಳಲ್ಲಿ ಭಾನುವಾರ ಕಾರಿಲ್ಲದ ದಿನ ಇತ್ಯಾದಿ. ಮುಂದುವರಿದ ದೇಶಗಳು ಇದನ್ನು ಪೂರ್ಣವಾಗಿ ಪಾಲಿಸಿದರೆ ನಾಲ್ಕು ತಿಂಗಳಲ್ಲಿ ದಿನಕ್ಕೆ 27 ಲಕ್ಷ ಬ್ಯಾರೆಲ್ ಉಳಿಯುವುದೆಂಬ ಲೆಕ್ಕವೂ ಅದರಲ್ಲಿತ್ತು. ಜರ್ಮನಿ, ಇಟಲಿ, ಬ್ರಿಟನ್ ಸರ್ಕಾರಗಳು ಆ ವರ್ಷ ಪೆಟ್ರೋಲಿನ ಮೇಲಣ ತೆರಿಗೆಯನ್ನು ಇಳಿಸಿದವು.